ಓದುಗರ ಪ್ರಶ್ನೆ: ಬಜೆಟ್ ಪುಸ್ತಕದಿಂದ ಕೊಳವೆಬಾವಿಯವರೆಗೆ

ಸರ್ಕಾರದ ಯೋಜನೆ, ಸಾಮಾಜಿಕ ನ್ಯಾಯದ ವಿಷಯಗಳನ್ನು ಅಧ್ಯಯನ ಮಾಡಿ ಬರೆಯಲು ಹೊರಟ ಯುವ ಓದುಗರ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಎಸ್‌ಸಿಎಸ್‌ಪಿ–ಟಿಎಸ್‌ಪಿ (ಪರಿಶಿಷ್ಟ ಜಾತಿ ಉಪಯೋಜನೆ–ಗಿರಿಜನ ಉಪಯೋಜನೆ) ಹಣ ದುರ್ಬಳಕೆ ಆಗುತ್ತಿದೆ ಅಂತ ಎಲ್ಲರೂ ಹೇಳ್ತಾರೆ ಸರ್. ಅದರ ಬಗ್ಗೆ ಲೇಖನ ಬರೀಬೇಕು ಅಂತಿದ್ದೀನಿ. ಎಲ್ಲಿಂದ ಶುರು ಮಾಡಲಿ?
— ಎಂ.ಎ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಮೊದಲು ‘ದುರ್ಬಳಕೆ’ಯನ್ನು ಬಿಡಿಸಿ ನೋಡಿ. ಹಣ ಬೇರೆ ಯೋಜನೆಗೆ ಹೋಗಿರಬಹುದು, ಖರ್ಚಾಗದೆ ಉಳಿದಿರಬಹುದು, ಇಲ್ಲವೇ ಖರ್ಚಾಗಿಯೂ ಫಲಾನುಭವಿಗೆ ತಲುಪದಿರಬಹುದು. ಮೂರಕ್ಕೂ ಬೇರೆ ಬೇರೆ ಪುರಾವೆ ಬೇಕು. ಮೂರನ್ನೂ ಒಂದೇ ಲೇಖನದಲ್ಲಿ ಕಲಸಿದರೆ ಅಧಿಕಾರಿಗಳು ಒಂದೇ ಸಾಲಿನ ಸ್ಪಷ್ಟನೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಕರ್ನಾಟಕದ 2013ರ ಕಾಯ್ದೆ ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕ ಪಾಲನ್ನು ಅವರಿಗಾಗಿಯೇ ತೆಗೆದಿಡಬೇಕು ಎನ್ನುತ್ತದೆ. 2011ರ ಜನಗಣತಿಯಂತೆ ಅದು ಶೇ 17.15 ಮತ್ತು ಶೇ 6.95, ಒಟ್ಟು ಶೇ 24.1. ಕಾಯ್ದೆಯ 7ನೇ ಸೆಕ್ಷನ್ನನ್ನು ಪೂರ್ತಿ ಓದಿ, ವಿವಾದವೆಲ್ಲ ಇರುವುದು ಅಲ್ಲಿಯೇ. ರಸ್ತೆ, ಮೇಲ್ಸೇತುವೆಯಂಥ ಕಾಮಗಾರಿಗಳಲ್ಲಿ ಒಂದು ಭಾಗವನ್ನು ದಲಿತರಿಗೆ ಖರ್ಚಾದದ್ದೆಂದು ‘ಭಾವಿಸಲು’ ಬಿಡುತ್ತಿದ್ದ 7(ಡಿ) 2023ರಲ್ಲಿ ರದ್ದಾಯಿತು. 7(ಸಿ) ಉಳಿದಿದೆ. ಎಲ್ಲರಿಗೂ ಅನ್ವಯವಾಗುವ ಯೋಜನೆಯಲ್ಲಿ ಪರಿಶಿಷ್ಟ ಫಲಾನುಭವಿಗಳ ಪಾಲನ್ನು ಲೆಕ್ಕಕ್ಕೆ ಹಿಡಿಯಲು ಅದು ಅವಕಾಶ ಕೊಡುತ್ತದೆ. ಗ್ಯಾರಂಟಿ ಯೋಜನೆಗಳಿಗೆ ಈ ಹಣ ಕೊಟ್ಟಾಗ ಸರ್ಕಾರ ಮುಂದಿಟ್ಟ ಸಮರ್ಥನೆ ಅದೇ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು, ಆದರೆ ಆ ವಾದವನ್ನು ಲೇಖನದಲ್ಲಿ ನ್ಯಾಯವಾಗಿ ಇಟ್ಟ ಮೇಲೆಯೇ ಉತ್ತರಿಸಿ.

2025–26ರಲ್ಲಿ ಇದಕ್ಕೆ ತೋರಿಸಿದ ಮೊತ್ತ 42,018 ಕೋಟಿ ರೂಪಾಯಿ. ಅಷ್ಟನ್ನೂ ಒಬ್ಬರೇ ಬೆನ್ನಟ್ಟಲಾಗದು. ಒಂದು ಯೋಜನೆ, ಒಂದು ತಾಲ್ಲೂಕು ಹಿಡಿಯಿರಿ. ಸಣ್ಣ ರೈತರ ಹೊಲದಲ್ಲಿ ಅಭಿವೃದ್ಧಿ ನಿಗಮಗಳ ಮೂಲಕ ಕೊಳವೆಬಾವಿ ಕೊರೆಸಿಕೊಡುವ ಗಂಗಾ ಕಲ್ಯಾಣ ಒಳ್ಳೆಯ ಆಯ್ಕೆ, ಏಕೆಂದರೆ ಅದರ ಫಲ ಹೊಲದಲ್ಲಿ ಕಣ್ಣಿಗೆ ಕಾಣುತ್ತದೆ: ನೀರು ಬರುತ್ತಿದೆ, ಇಲ್ಲವೇ ಬರುತ್ತಿಲ್ಲ.

ಬಜೆಟ್ ಪುಸ್ತಕಗಳು ಆರ್ಥಿಕ ಇಲಾಖೆಯ ಜಾಲತಾಣದಲ್ಲಿವೆ. ಪ್ರತಿ ಸಾಲಿನ ಪಕ್ಕದ ಉದ್ದ ಸಂಖ್ಯೆಯನ್ನು ಓದಲು ಕಲಿಯಿರಿ. 2225 ಎಂದು ಶುರುವಾದರೆ ಅದು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಕಲ್ಯಾಣದ ಬಾಬ್ತು. ಕೊನೆಯ ಮೂರಂಕಿ 422 ಇದ್ದರೆ ಪರಿಶಿಷ್ಟ ಜಾತಿ ಉಪಯೋಜನೆ, 423 ಇದ್ದರೆ ಗಿರಿಜನ ಉಪಯೋಜನೆ. ಲೋಕೋಪಯೋಗಿ, ನೀರಾವರಿಯಂಥ ಇಲಾಖೆಗಳ ಪುಟಗಳಲ್ಲೂ ಈ ಎರಡು ಸಂಖ್ಯೆ ಹುಡುಕಿ.

ಹೆಚ್ಚಿನವರು ಎಡವುವುದು ಕಾಲಂಗಳಲ್ಲಿ. 2025–26ರ ಪುಸ್ತಕದಲ್ಲಿ 2023–24ರ ನಿಜವಾದ ಲೆಕ್ಕ, 2024–25ರ ಆಯವ್ಯಯ ಅಂದಾಜು ಮತ್ತು ಪರಿಷ್ಕೃತ ಅಂದಾಜು, 2025–26ರ ಅಂದಾಜು ಅಕ್ಕಪಕ್ಕ ಇರುತ್ತವೆ. ಒಂದು ವರ್ಷದ ಅಂದಾಜನ್ನು ಇನ್ನೊಂದು ವರ್ಷದ ಲೆಕ್ಕದ ಜೊತೆ ಹೋಲಿಸಿ ‘ಕಡಿತ’ ಎಂದು ಬರೆದರೆ ಅದು ತಪ್ಪು. ಅಂದಾಜಿಗೆ ಅಂದಾಜು, ಲೆಕ್ಕಕ್ಕೆ ಲೆಕ್ಕ.

‘ವೆಚ್ಚ’ ಎಂದು ಕಂಡದ್ದನ್ನೂ ಹಾಗೆಯೇ ನಂಬಬೇಡಿ. ಇಲಾಖೆಯಿಂದ ನಿಗಮದ ಖಾತೆಗೆ ಹಣ ಹೋದ ಕೂಡಲೇ ಇಲಾಖೆಯ ಪುಸ್ತಕದಲ್ಲಿ ಅದು ವೆಚ್ಚ. ಆಮೇಲೆ ಕೊಳವೆಬಾವಿ ಕೊರೆಯಬೇಕು, ಪಂಪ್‌ಸೆಟ್ ಇಳಿಸಬೇಕು, ವಿದ್ಯುತ್ ಕಂಪನಿ ಕಂಬ ನೆಟ್ಟು ಲೈನ್ ಎಳೆಯಬೇಕು. ಕೆಲಸ ಹೆಚ್ಚಾಗಿ ನಿಲ್ಲುವುದು ಈ ಕೊನೆಯ ಹಂತದಲ್ಲಿ. ಬೋರ್ ಕೊರೆದು, ಕೇಸಿಂಗ್ ಪೈಪಿನ ಬಾಯಿ ಮುಚ್ಚಿ, ಕರೆಂಟಿಗಾಗಿ ಕಾಯುತ್ತಿರುವ ಹೊಲವೂ ಪ್ರಗತಿ ವರದಿಯಲ್ಲಿ ‘ಕೊರೆಯಲಾಗಿದೆ’ ಎಂಬ ಕಾಲಂನಲ್ಲಿ ಸೇರಿಹೋಗುತ್ತದೆ. ನಿಮ್ಮ ಲೇಖನದ ಜೀವ ನಾಲ್ಕು ದಿನಾಂಕಗಳಲ್ಲಿದೆ: ಆಯ್ಕೆಯಾದದ್ದು, ಕೊರೆದದ್ದು, ಪಂಪ್ ಕೂಡಿಸಿದ್ದು, ಸಂಪರ್ಕ ಸಿಕ್ಕಿದ್ದು.

ಪ್ರಶ್ನೆ: ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ ‘ವೈಯಕ್ತಿಕ ಮಾಹಿತಿ, ಕೊಡಲಾಗದು’ ಎಂಬ ಹಿಂಬರಹ ಬಂತು. ಏನು ಮಾಡಲಿ?
— ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಫಲಾನುಭವಿಗಳ ಹೆಸರು, ವಿಳಾಸ ಕೇಳಿದ್ದೀರೆಂದು ತೋರುತ್ತದೆ. ವ್ಯವಸ್ಥೆ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಹೆಸರು ಬೇಕಿಲ್ಲ. ‘ಹೆಸರು, ವಿಳಾಸ, ಬ್ಯಾಂಕ್ ವಿವರ ಮರೆಮಾಡಿ, ಗ್ರಾಮ ಮತ್ತು ಆಯ್ಕೆ, ಕೊರೆತ, ಪಂಪ್, ಸಂಪರ್ಕದ ದಿನಾಂಕಗಳಿರುವ ವಹಿಯ ಪ್ರತಿ ಕೊಡಿ’ ಎಂದು ಹೊಸದಾಗಿ ಕೇಳಿ. ಒಂದು ಭಾಗ ಗೋಪ್ಯವಾಗಿದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ಕೊಡಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ. ಅದನ್ನು ಅರ್ಜಿಯಲ್ಲೇ ಉಲ್ಲೇಖಿಸಿ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. ‘ಯಾಕೆ ತಡವಾಯಿತು?’ ಎಂದು ಕೇಳಬೇಡಿ. ಕಚೇರಿಯಲ್ಲಿರುವ ದಾಖಲೆ ಕೊಡುವುದಷ್ಟೇ ಅವರ ಹೊಣೆ, ಕಾರಣ ಬರೆದುಕೊಡುವುದಲ್ಲ. ‘ವಿಳಂಬದ ಕುರಿತು ವಿದ್ಯುತ್ ಕಂಪನಿಯೊಂದಿಗೆ ನಡೆದ ಪತ್ರವ್ಯವಹಾರದ ಪ್ರತಿ’ ಎಂದು ಕೇಳಿದರೆ ಕಾರಣ ತಾನಾಗಿಯೇ ಹೊರಬರುತ್ತದೆ.

30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ವಿಚಾರಣೆ ಬೇಗ ಬರುವುದಿಲ್ಲ. ಅಲ್ಲಿಯವರೆಗೆ ಕಾಯದೆ ವಿಧಾನಸಭೆ, ಪರಿಷತ್ತಿನ ಚುಕ್ಕೆ ಗುರುತಿನ ಮತ್ತು ಗುರುತಿಲ್ಲದ ಪ್ರಶ್ನೆಗಳ ಉತ್ತರ ಜಾಲಾಡಿ. ನಿಮಗೆ ಬೇಕಾದ ತಾಲ್ಲೂಕುವಾರು ಪಟ್ಟಿಯನ್ನು ಯಾರೋ ಶಾಸಕರು ಈಗಾಗಲೇ ಕೇಳಿ ಪಡೆದಿರುವುದುಂಟು.

ಪ್ರಶ್ನೆ: ನಮ್ಮೂರಲ್ಲಿ 20 ಮನೆ ಸಮೀಕ್ಷೆ ಮಾಡಿದ್ದೇವೆ. 7 ಮನೆಗೆ ಸೌಲಭ್ಯ ಸಿಕ್ಕಿಲ್ಲ. ‘ಶೇ 35 ಜನ ವಂಚಿತರು’ ಎಂದು ಬರೆಯಬಹುದೇ?
— ಯುವ ಬಳಗ, ಚಾಮರಾಜನಗರ ಜಿಲ್ಲೆ

ಉತ್ತರ: ಬೇಡ. ‘ಮಾತಾಡಿಸಿದ 20 ಮನೆಗಳಲ್ಲಿ 7’ ಎಂದೇ ಬರೆಯಿರಿ. 20 ಮನೆಯ ಮಾದರಿಯಲ್ಲಿ ಅಂಕಿ ಮೇಲಕ್ಕೂ ಕೆಳಕ್ಕೂ ಸುಮಾರು 20 ಶೇಕಡಾ ಅಂಶ ಏರುಪೇರಾಗಬಹುದು. 400 ಮನೆಯಾದರೆ ಅದು 5ಕ್ಕೆ ಇಳಿಯುತ್ತದೆ, ಅದೂ ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರೆ ಮಾತ್ರ. ಪರಿಚಯದವರ ಮನೆಗಳನ್ನೇ ಆರಿಸಿಕೊಂಡರೆ ಎಷ್ಟು ಮನೆ ಸುತ್ತಿದರೂ ಪ್ರಯೋಜನವಿಲ್ಲ.

ಕೂಲಿಗೆ ಹೋಗುವವರು ಬೆಳಿಗ್ಗೆಯೇ ಮನೆ ಬಿಡುತ್ತಾರೆ. ಹಗಲು ಹೋದರೆ ಸಿಗುವವರು ಬೇರೆ ವರ್ಗದವರು, ಹಾಗಾಗಿ ಸಂಜೆ ಹೋಗಿ. ಪಂಚಾಯ್ತಿ ಸದಸ್ಯರನ್ನೋ ಪಿಡಿಒ ಅವರನ್ನೋ ಜೊತೆಗೆ ಕರೆದುಕೊಂಡು ಹೋಗಬೇಡಿ. ಅವರೆದುರು ‘ಎಲ್ಲಾ ಬಂದೈತೆ’ ಎನ್ನುವ ಹೆಂಗಸು ಅವರು ಅತ್ತ ಹೋದ ಮೇಲೆ ಒಳಗಿಂದ ಅರ್ಜಿಯ ಸ್ವೀಕೃತಿ ಚೀಟಿ ತಂದು ತೋರಿಸುತ್ತಾಳೆ. ಆ ಚೀಟಿಯ ದಿನಾಂಕ ಬರೆದುಕೊಳ್ಳಿ. ಫೋಟೊ ತೆಗೆಯುವುದಾದರೆ ಕೇಳಿ ತೆಗೆಯಿರಿ, ಅಚ್ಚು ಹಾಕುವಾಗ ಹೆಸರು, ಸರ್ವೆ ನಂಬರ್ ಮುಚ್ಚಿ. ಸಣ್ಣ ಊರಿನಲ್ಲಿ ‘ಇಬ್ಬರು ಹೆಣ್ಣುಮಕ್ಕಳಿರುವ ವಿಧವೆ’ ಎಂದರೂ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಮರುದಿನ ಕೂಲಿ ಕಳೆದುಕೊಳ್ಳುವವಳು ಅವಳು, ಬರೆದವರಲ್ಲ.

ಪ್ರಶ್ನೆ: ಜಿಲ್ಲೆಗಳ ಹಳೆಯ, ಹೊಸ ಅಂಕಿ ಹೋಲಿಸುವಾಗ ಲೆಕ್ಕ ಕೂಡುತ್ತಿಲ್ಲ.
— ಹೊಸಪೇಟೆ

ಉತ್ತರ: ಗಡಿ ಬದಲಾಗಿದೆ. 2001ರ ಜನಗಣತಿಯಲ್ಲಿ 27 ಜಿಲ್ಲೆ, 2011ರಲ್ಲಿ 30. ನಿಮ್ಮ ವಿಜಯನಗರ ಬಳ್ಳಾರಿಯಿಂದ ಬೇರೆಯಾದದ್ದು 2021ರಲ್ಲಿ. ಎರಡನ್ನೂ ಕೂಡಿಸಿ, ಆ ಜನಗಣತಿಗಳಲ್ಲಿ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ತಾಲ್ಲೂಕನ್ನು ಕಳೆದು, ಹಳೆಯ ಬಳ್ಳಾರಿಯ ಜೊತೆ ಹೋಲಿಸಿ. ಕೂಡಿಸುವಾಗ ಶೇಕಡಾವಾರುಗಳ ಸರಾಸರಿ ತೆಗೆಯದೆ ಮೂಲ ಸಂಖ್ಯೆಗಳನ್ನೇ ಕೂಡಿಸಿ.

ಪ್ರಶ್ನೆ: ಲೇಖನ ಪ್ರಕಟವಾದರೂ ಏನೂ ಬದಲಾಗುವುದಿಲ್ಲ. ಇದನ್ನು ಯಾರಿಗೆ ಮುಟ್ಟಿಸಬೇಕು?
— ಮೈಸೂರು

ಉತ್ತರ: ‘ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂದು ಮುಗಿಸಿದರೆ ಯಾವ ಕುರ್ಚಿಗೂ ಅದು ಅನ್ವಯಿಸುವುದಿಲ್ಲ. ‘ಕೊರೆದ ಬಾವಿಗಳ ಪಟ್ಟಿಯನ್ನು ನಿಗಮದ ಜಿಲ್ಲಾ ವ್ಯವಸ್ಥಾಪಕರು ಪ್ರತಿ ತಿಂಗಳು ವಿದ್ಯುತ್ ಕಂಪನಿಗೆ ಕಳಿಸಲಿ, ಬಾಕಿ ಸಂಪರ್ಕಗಳ ಸಂಖ್ಯೆಯನ್ನು ಕೆಡಿಪಿ ಸಭೆಯ ಮುಂದಿಡಲಿ’ ಎಂದು ಬರೆಯಿರಿ (ಕೆಡಿಪಿ ಎಂದರೆ ಸರ್ಕಾರಿ ಯೋಜನೆಗಳ ಪ್ರಗತಿ ಪರಿಶೀಲಿಸುವ ಸಭೆ). ಲೇಖನವನ್ನು ಎರಡು ಪುಟದ ಟಿಪ್ಪಣಿಯಾಗಿ ಇಳಿಸಿ. ಬೇಡಿಕೆ ಮೊದಲ ಪ್ಯಾರಾದಲ್ಲೇ ಇರಲಿ, ದಾಖಲೆಯ ಪ್ರತಿಗಳು ಲಗತ್ತಾಗಿರಲಿ. ಸಭೆಗೆ ಒಂದು ವಾರ ಮೊದಲು ಶಾಸಕರ ಆಪ್ತ ಸಹಾಯಕರ ಕೈಗೆ ಕೊಡಿ, ಇನ್ನೊಂದು ಪ್ರತಿಯನ್ನು ನಿಗಮದ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆ ಮೊಹರಿದ್ದರೆ ‘ನಿಮ್ಮ ಮನವಿ ನಮಗೆ ಬಂದೇ ಇಲ್ಲ’ ಎಂದು ಹೇಳಲಾಗದು. ಅದರ ಮೇಲೆ ಕೈಗೊಂಡ ಕ್ರಮದ ಕಡತವನ್ನು ತಿಂಗಳ ನಂತರ ಮಾಹಿತಿ ಹಕ್ಕಿನಡಿ ಕೇಳಬಹುದು.