38 ಆಯ್ತು, ಇನ್ನೇನು ಮಾಡೋದು ಮೇಡಂ?

ಸಂಶೋಧನೆಯಲ್ಲಿ ಇರುವವರು ಆಪ್ತಸಲಹೆಗೆ ನನ್ನ ಹತ್ತಿರ ಬಂದರೆ ಮೊದಲು ನಿದ್ದೆಯ ವಿಷಯ ಹೇಳ್ತಾರೆ, ಆಮೇಲೆ ಮನೆಯದ್ದು. ಎಲ್ಲ ಮುಗಿದ ಮೇಲೆ ನಿಜವಾದ ಮಾತು ಬರುತ್ತದೆ: "ನನ್ನ ವಯಸ್ಸು ಮುಗೀತು." ಇದನ್ನು ಪದೇ ಪದೇ ಕೇಳಿದ್ದರಿಂದ ಒಂದು ಪ್ರಕರಣವನ್ನು ಗುರುತು ಸಿಗದ ಹಾಗೆ ಬದಲಿಸಿ ಬರೆಯುತ್ತಿದ್ದೇನೆ.

ಅವರು ರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ, 38 ವರ್ಷ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದು, ತಡವಾಗಿ ಪಿಎಚ್‌ಡಿ ಮುಗಿಸಿದವರು. ಲ್ಯಾಬ್ ಅಂದರೆ ಈಗ ಬೇಸರ.

ಒಂದು ದಿನ ಡೈರಿ ತಂದು ಹಿಂದಿನ ಪುಟ ತೋರಿಸಿದರು. ವಿಜ್ಞಾನಿಗಳ ಹೆಸರು, ಎದುರಿಗೆ ದೊಡ್ಡ ಕೆಲಸ ಮಾಡಿದಾಗಿನ ವಯಸ್ಸು. ಚಂದ್ರಶೇಖರ್ 19. ಹೈಸೆನ್‌ಬರ್ಗ್ 23. ಐನ್‌ಸ್ಟೈನ್ 26. ಕೊನೆಯಲ್ಲಿ ರಾಮನ್ 39, ಕೆಳಗೆ ಕೆಂಪು ಗೆರೆ. "ನನಗಿನ್ನು ಒಂದೇ ವರ್ಷ ಮೇಡಂ" ಅಂದು ನಕ್ಕರು. ನಗುವಂಥ ನಗು ಅಲ್ಲ.

ಲಿಥಿಯಂ ಬ್ಯಾಟರಿಗೆ ಕ್ಯಾಥೋಡ್ (ಧನ ಧ್ರುವ) ಕಂಡುಕೊಟ್ಟಾಗ ವಿಜ್ಞಾನಿ ಗುಡ್‌ಇನಫ್ ಅವರಿಗೆ 57, ನೊಬೆಲ್ ಬಂದಾಗ 97 ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅವರ ಪಟ್ಟಿಗೆ ನನ್ನದೊಂದು ಪಟ್ಟಿ ಎದುರಿಟ್ಟರೆ ಏನು ಬಂತು? "ಕಳೆದ ವಾರದ ಪುಟ ತೆಗೀರಿ" ಅಂದೆ.

ಅಡ್ಮಿಷನ್ ಸಮಿತಿ. ಮೌಲ್ಯಮಾಪನ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು. ಇಂಟರ್ನಲ್ಸ್ ಮೇಲ್ವಿಚಾರಣೆ. ಗುರುವಾರದ ಮೂಲೆಯಲ್ಲಿ ಪೆನ್ಸಿಲಿನಲ್ಲಿ "ಕಾಲಂ ಹಾಕಬೇಕು" ಅಂತಿತ್ತು (ಮಿಶ್ರಣದಿಂದ ರಾಸಾಯನಿಕಗಳನ್ನು ಬೇರ್ಪಡಿಸುವ ಲ್ಯಾಬ್ ಕೆಲಸ), ಅದರ ಮೇಲೆ ಗೀಟು. ಅದನ್ನೇ ನೋಡುತ್ತಾ ಕೂತರು. "ಕೊನೇ ಸಲ ಕಾಲಂ ಹಾಕಿದ್ದು ಯಾವಾಗ ಅಂತಾನೇ ನೆನಪಿಲ್ಲ."

ಆಗ ಹೇಳಿದೆ. 2016ರಲ್ಲಿ ಸಿನಾತ್ರಾ, ಬರಾಬಾಸಿ ಎಂಬ ಸಂಶೋಧಕರು ಮತ್ತು ಜೊತೆಗಾರರು ಸಾವಿರಾರು ವಿಜ್ಞಾನಿಗಳ ಪ್ರಬಂಧಗಳನ್ನು ಸಾಲಾಗಿ ಇಟ್ಟು ನೋಡಿದರು. ಒಬ್ಬರ ಅತಿ ಹೆಚ್ಚು ಪ್ರಭಾವ ಬೀರಿದ ಪ್ರಬಂಧ ಅವರ ಸಾಲಿನಲ್ಲಿ ಮೊದಲನೆಯದೂ ಆಗಬಹುದು, ಕೊನೆಯದೂ ಆಗಬಹುದು. ಚಿಕ್ಕ ವಯಸ್ಸಿನಲ್ಲಿ ಜಾಸ್ತಿ ಕೆಲಸ ಮಾಡ್ತಾರೆ, ಹಾಗಾಗಿ ಅಂಥದ್ದು ಆಗಲೇ ಸಿಗುವುದು ಜಾಸ್ತಿ, ವಯಸ್ಸಿನಿಂದಲ್ಲ. ಇನ್ನೊಂದು, ಸೈಮಂಟನ್ ಎಂಬ ಮನಶ್ಶಾಸ್ತ್ರಜ್ಞರು ಹುಟ್ಟಿದ ವರ್ಷದಿಂದ ಲೆಕ್ಕ ಹಾಕಬೇಡಿ, ಸಂಶೋಧನೆ ಶುರುಮಾಡಿದ ವರ್ಷದಿಂದ ಹಾಕಿ ಅನ್ನುತ್ತಾರೆ. ಆ ಲೆಕ್ಕದಲ್ಲಿ ಇವರು ಇನ್ನೂ ಹೊಸಬರು.

ಕೊಟ್ಟ ಸಲಹೆ ಇಷ್ಟೇ. ವಾರಕ್ಕೆ ಎರಡು ಬೆಳಗ್ಗೆ ಲ್ಯಾಬಿಗೆ ಮೀಸಲಿಡಿ. ಒಂದು ಸಮಿತಿಯಿಂದ ಹೊರಗೆ ಬನ್ನಿ. ಬಾಯಿಮಾತಲ್ಲಿ ಬೇಡ, ವಿಭಾಗದ ಮುಖ್ಯಸ್ಥರಿಗೆ ಪತ್ರ ಕೊಟ್ಟೇ ಕೇಳಿ.

"ವಯಸ್ಸು ಬರೀ ಸಂಖ್ಯೆ" ಅಂತ ಮಾತ್ರ ನಾನು ಹೇಳುವುದಿಲ್ಲ. ಗಣಿತದ ಫೀಲ್ಡ್ಸ್ ಪದಕಕ್ಕೆ 40ರ ಗೆರೆ ಇದೆ, ನಮ್ಮಲ್ಲೂ ಎಷ್ಟೋ ಫೆಲೋಶಿಪ್‌ಗೆ ವಯಸ್ಸಿನ ಮಿತಿ ಇದೆ. ಕೆಲವು ಬಾಗಿಲು ನಿಜವಾಗಿ ಮುಚ್ಚುತ್ತವೆ, ಅದಕ್ಕೆ ದುಃಖಪಡಲಿ. ಮಿತಿ ಇಲ್ಲದ ಅನುದಾನ ಯಾವುದಿದೆ ಅಂತಲೂ ಹುಡುಕಲಿ.

ನನ್ನ ಸಹೋದ್ಯೋಗಿಯೊಬ್ಬರು, "ಇದು ಆಪ್ತಸಲಹೆಯಾ, ಟೈಮ್‌ಟೇಬಲ್ಲಾ?" ಅಂದರು. ಖಿನ್ನತೆ ಇದೆಯಾ ಅಂತ ಮೊದಲೇ ನೋಡಿದ್ದೆ. ಇದ್ದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇಲ್ಲಿ ಹೋಗಿದ್ದು ಸಮಯ. ಅದಕ್ಕೆ ಸುಮ್ನೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ, ತಪ್ಪೆಲ್ಲ ಅವರ ಮನಸ್ಸಿನದ್ದೇ ಅಂದ ಹಾಗಾಗುತ್ತದೆ ಅಲ್ವಾ?

ಅಡ್ಮಿಷನ್ ಸಮಿತಿ ಬಿಟ್ಟರು. ಮುಖ್ಯಸ್ಥರು ಸ್ವಲ್ಪ ಮುಖ ಗಂಟು ಹಾಕಿಕೊಂಡಿದ್ದಾರಂತೆ. ಸಿಕ್ಕಿದ್ದು ಒಂದೇ ಬೆಳಗ್ಗೆ. ಇನ್ನೊಂದನ್ನು ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ಕೇಳಿ ಅಂದಿದ್ದೇನೆ.