ಪ್ರತಿಕ್ರಿಯೆ: ಓಎಲ್‌ಇಡಿಗೆ ಒಗ್ಗಿದ ಕನ್ವರ್ಟರ್ ಎಲ್‌ಇಡಿ ಪಟ್ಟಿಗೆ ಏಕೆ ಒಗ್ಗುತ್ತಿಲ್ಲ?

ಇಎಸ್‌ಪಿ32 ಬೋರ್ಡ್‌ನ 3.3 ವೋಲ್ಟ್ ಸಿಗ್ನಲ್ಲನ್ನು 5 ವೋಲ್ಟ್‌ಗೆ ಏರಿಸುವ ಬಿಎಸ್‌ಎಸ್138 ಲೆವೆಲ್ ಕನ್ವರ್ಟರ್ ಮಾಡ್ಯೂಲ್ ಓಎಲ್‌ಇಡಿ ಪರದೆಗೆ ಸರಿಹೋಗಿ, ಡಬ್ಲ್ಯುಎಸ್2812ಬಿ ಎಲ್‌ಇಡಿ ಪಟ್ಟಿಗೆ ಏಕೆ ಸರಿಹೋಗುತ್ತಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಮಾಡ್ಯೂಲ್ ಕೆಟ್ಟಿಲ್ಲ, ಅದಕ್ಕೆ ಕೊಟ್ಟ ಕೆಲಸ ತಪ್ಪು. ಅದರಲ್ಲಿ ಸಿಗ್ನಲ್ಲನ್ನು ಕೆಳಗೆಳೆಯುವುದು ಮಾಸ್ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್). ಮೇಲೆತ್ತುವುದು ಬರೀ 10 ಕಿಲೋಓಮ್ ರೆಸಿಸ್ಟರ್. ತಂತಿ ಮತ್ತು ಇನ್‌ಪುಟ್ ಸೇರಿ 100 ಪಿಕೋಫ್ಯಾರಡ್ ಕೆಪಾಸಿಟನ್ಸ್ ಆದರೂ ಟೈಮ್ ಕಾನ್‌ಸ್ಟಂಟ್ (ಸಿಗ್ನಲ್ ಎಷ್ಟು ಬೇಗ ಏರುತ್ತದೆ ಎಂಬುದರ ಅಳತೆ) 1 ಮೈಕ್ರೊಸೆಕೆಂಡ್. ಡಬ್ಲ್ಯುಎಸ್2812ಬಿಯ '0' ಬಿಟ್‌ನ ಪಲ್ಸ್ ಸುಮಾರು 0.4 ಮೈಕ್ರೊಸೆಕೆಂಡ್ ಅಷ್ಟೇ, ಮೇಲೇರುವ ಮೊದಲೇ ಮುಗಿದುಹೋಗುತ್ತದೆ. ಓಎಲ್‌ಇಡಿಯ ಐ2ಸಿ (ಚಿಪ್‌ಗಳ ನಡುವಿನ ಎರಡು ತಂತಿಯ ಸಂಪರ್ಕ) 100 ಕಿಲೋಹರ್ಟ್ಸ್‌ನಲ್ಲಿ ನಿಧಾನವಾಗಿ ನಡೆಯುವುದರಿಂದ ಅಲ್ಲಿ ತೊಂದರೆ ಕಾಣಲಿಲ್ಲ. ಮಾಡ್ಯೂಲನ್ನು ಅಲ್ಲೇ ಬಿಡಿ.

ಪಟ್ಟಿಗೆ 74ಎಎಚ್‌ಸಿಟಿ125 ಬಫರ್ ಚಿಪ್ (ಸಿಗ್ನಲ್ಲನ್ನು ಮೇಲೂ ಕೆಳಗೂ ತಾನೇ ಬಲವಾಗಿ ತಳ್ಳುವಂಥದ್ದು) ತೆಗೆದುಕೊಳ್ಳಿ. 'ಟಿ' ಅಕ್ಷರ ಇದೆಯೇ ನೋಡಿ: 5 ವೋಲ್ಟ್‌ನಲ್ಲಿ ಟಿ ಇರುವ ಚಿಪ್‌ಗೆ 2 ವೋಲ್ಟ್ ಸಿಕ್ಕರೆ ಹೈ (ಅಂದರೆ '1'), ಸಾದಾ 74ಎಚ್‌ಸಿ125ಕ್ಕೆ 3.5 ಬೇಕು. ನಿಮ್ಮ ಇಎಸ್‌ಪಿ32 ಕೊಡುವುದು 3.3!

14ನೇ ಪಿನ್‌ಗೆ 5 ವೋಲ್ಟ್, 7ಕ್ಕೆ ಗ್ರೌಂಡ್, ನಡುವೆ ಚಿಪ್‌ಗೆ ಅಂಟಿದಂತೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್. ಔಟ್‌ಪುಟ್ ಚಾಲೂ ಮಾಡುವ 1ನೇ ಪಿನ್ ಗ್ರೌಂಡ್‌ಗೆ (ಇದನ್ನು ಮರೆತು ಚಿಪ್ಪನ್ನು ಬೈಯುವವರೇ ಹೆಚ್ಚು), 2ಕ್ಕೆ ಡೇಟಾ, 3ರಿಂದ 330 ಓಮ್ ಮೂಲಕ ಪಟ್ಟಿಗೆ. ಬಳಸದ ಇನ್‌ಪುಟ್ 5, 9, 12 ಗ್ರೌಂಡ್‌ಗೆ; ಉಳಿದ ಔಟ್‌ಪುಟ್‌ಗಳನ್ನು ಚಾಲೂ ಮಾಡುವ 4, 10, 13 ಕೂಡ ಎಲ್ಲಿಗೂ ಸೇರಿಸದೆ ತೇಲುವಂತೆ ಬಿಡಬೇಡಿ. ಪಟ್ಟಿಯ ಪವರ್ ಸಪ್ಲೈ ಮತ್ತು ಇಎಸ್‌ಪಿ32ರ ಗ್ರೌಂಡ್ ಒಂದಾಗಿರಲೇಬೇಕು.

ಟಿಎಕ್ಸ್‌ಎಸ್0108ಇ ಎಂಬ ಕನ್ವರ್ಟರ್ ಚಿಪ್ ಬೇಡ, ದಿಕ್ಕನ್ನು ತಾನೇ ಊಹಿಸುವ ಅದು ಉದ್ದ ತಂತಿ ಕಂಡರೆ ತಡವರಿಸುತ್ತದೆ. ಇನ್ನು ದೂರ ಅಳೆಯುವ ಸೆನ್ಸರ್ ಎಚ್‌ಸಿ-ಎಸ್‌ಆರ್04ರ ಎಕೋ ಪಿನ್‌ನ 5 ವೋಲ್ಟನ್ನು 3.3ಕ್ಕೆ ಇಳಿಸಲು ಚಿಪ್ಪೇ ಬೇಕಿಲ್ಲ: ಸರಣಿಯಲ್ಲಿ 1 ಕಿಲೋಓಮ್, ಗ್ರೌಂಡ್‌ಗೆ 2 ಕಿಲೋಓಮ್ ಸಾಕು.