ನೇರಳೆ ಕೂದಲಿನವಳು ವರ್ಶಿಪ್ ಟೀಮ್‌ನಲ್ಲಿ ಹಾಡಬಾರದೇ?

ಪ್ರಶ್ನೆ: ನನಗೆ 23 ವರ್ಷ. ಹುಟ್ಟಿದಾಗಿನಿಂದ ಕ್ರೈಸ್ತಳು, ನಮ್ಮ ಸಭೆಯ ವರ್ಶಿಪ್ ಟೀಮ್‌ನಲ್ಲಿ, ಅಂದರೆ ಆರಾಧನೆಯಲ್ಲಿ ಮುಂದೆ ನಿಂತು ಹಾಡಿಸುವ ತಂಡದಲ್ಲಿ ಹಾಡುತ್ತೇನೆ. ಕೆ-ಪಾಪ್ (ಕೊರಿಯಾದ ಪಾಪ್ ಸಂಗೀತ) ಅಂದರೆ ಪ್ರಾಣ. ದೊಗಳೆ ಶರ್ಟು, ಅಗಲ ಪ್ಯಾಂಟು, ದಪ್ಪ ತಳದ ಶೂ, ಕಿವಿಗೆ ಮೂರು ಕಡೆ ಓಲೆ, ಕತ್ತಿನಲ್ಲಿ ದೊಡ್ಡ ಶಿಲುಬೆಯ ಸರ. ಎಲ್ಲವೂ ನನ್ನಿಷ್ಟದ ತಂಡದವರನ್ನು ನೋಡಿಯೇ ಶುರುವಾಗಿದ್ದು. ಕಳೆದ ತಿಂಗಳು ಕೂದಲಿಗೆ ನೇರಳೆ ಬಣ್ಣ ಹಾಕಿಸಿದೆ. ಆ ಭಾನುವಾರವೇ ಹಿರಿಯ ಆಂಟಿಯೊಬ್ಬರು ಎಲ್ಲರ ಮುಂದೆ, ‘ಲೋಕದವರ ಹಾಗೆ ಇರೋರು ಮುಂದೆ ನಿಂತು ಹಾಡಬಾರದು’ ಎಂದರು. ರೋಮಾ 12:2, 1 ತಿಮೊಥೆ 2:9, ಧರ್ಮೋಪದೇಶಕಾಂಡ 22:5 ಎಂದು ಬೈಬಲ್ ವಚನಗಳನ್ನೆಲ್ಲ ಹೇಳಿದರು. ಪಾಸ್ಟರ್, ‘ಎರಡು ವಾರ ಹಾಡೋದು ಬೇಡ, ಯೋಚನೆ ಮಾಡಮ್ಮ’ ಅಂದರು. ಅಮ್ಮ ಅಲ್ಲಿ ಏನೂ ಮಾತಾಡಲಿಲ್ಲ, ಮನೆಗೆ ಬಂದು ಅತ್ತರು. ನನಗೆ ಸಿಕ್ಕಾಪಟ್ಟೆ ಕೋಪ ಬಂದಿದೆ. ಆದರೆ ಒಂದು ವಿಷಯ ಹೇಳಲೇಬೇಕು. ತಂಡದವರು ಹೊಸ ಆಲ್ಬಂಗೆ ಲುಕ್ ಬದಲಿಸಿದಾಗ ನಾನೂ ಬದಲಿಸದಿದ್ದರೆ ಹಿಂದೆ ಬಿದ್ದ ಹಾಗೆ ಆಗುತ್ತದೆ. ಈ ಸಲದ ಶೂ ಕಂತಿನಲ್ಲಿ ತಗೊಂಡೆ. ತಪ್ಪು ನನ್ನದಾ, ಅವರದಾ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಒಂದು ಆಂಟಿ ಎತ್ತಿದ್ದು. ಇನ್ನೊಂದನ್ನು ಕೊನೆಯಲ್ಲಿ ನೀವೇ ಮೆಲ್ಲಗೆ ಸೇರಿಸಿದ್ದೀರಿ. ಮೊದಲನೆಯದರ ಬಗ್ಗೆ ನಿಮಗೆ ಕೋಪ ಇದೆ, ಎರಡನೆಯದರ ಬಗ್ಗೆ ಭಯ ಇದೆ ಅನಿಸುತ್ತದೆ.

ಆಂಟಿ ಹೇಳಿದ ವಚನಗಳನ್ನು ಮೊದಲು ನೋಡೋಣ. ಕೂದಲಿಗೆ ಬಣ್ಣ ಹಚ್ಚಬಾರದು ಎಂಬ ಆಜ್ಞೆ ಬೈಬಲ್‌ನಲ್ಲಿ ಇಲ್ಲ. ಧರ್ಮೋಪದೇಶಕಾಂಡ 22:5 ಗಂಡಸರ ಉಡುಪನ್ನು ಹೆಂಗಸರು, ಹೆಂಗಸರದ್ದನ್ನು ಗಂಡಸರು ತೊಡಬಾರದು ಎನ್ನುತ್ತದೆ. ಹೆಂಗಸರಿಗೆಂದೇ ಹೊಲಿದ ಪ್ಯಾಂಟಿಗೆ ಅದು ಹೇಗೆ ಅನ್ವಯಿಸುತ್ತದೋ ನನಗಂತೂ ತಿಳಿಯದು. ಅದೇ ಅಧ್ಯಾಯದ 11ನೇ ವಚನ ಉಣ್ಣೆಯನ್ನೂ ನಾರನ್ನೂ ಸೇರಿಸಿ ನೇಯ್ದ ಬಟ್ಟೆ ಹಾಕಬೇಡಿ ಎನ್ನುತ್ತದೆ. ಆರಾಧನೆಗೆ ಬಂದವರ ಕಾಲರ್ ತಿರುಗಿಸಿ ಲೇಬಲ್ ನೋಡುವವರನ್ನು ಕಂಡಿದ್ದೀರಾ?

ತಿಮೊಥೆಗೆ ಬರೆದ ಪತ್ರಿಕೆಯ ಮಾತು ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿ ಬರುವುದು ಹೆಣೆದ ಜಡೆ, ಚಿನ್ನ, ಮುತ್ತು, ಬೆಲೆಬಾಳುವ ಬಟ್ಟೆ. ಮೊದಲ ಶತಮಾನದ ರೋಮ್ ಸಾಮ್ರಾಜ್ಯದಲ್ಲಿ ಅರಮನೆಯ ಹೆಂಗಸರ ತಲೆಗೂದಲ ಶೈಲಿ ನಾಣ್ಯಗಳ ಮೇಲೆ, ಪ್ರತಿಮೆಗಳ ಮೇಲೆ ದೂರದೂರದ ಪಟ್ಟಣಗಳಿಗೂ ತಲುಪುತ್ತಿತ್ತು. ಅನುಕೂಲಸ್ಥ ಹೆಂಗಸರು ಅದನ್ನು ನೋಡಿ ಅದೇ ರೀತಿ ಕಟ್ಟಿಸಿಕೊಳ್ಳುತ್ತಿದ್ದರು. ಆ ಕಾಲದ ಪಾಪ್ ಕಲ್ಚರ್ ಅದು. ಗುಲಾಮರೂ ಯಜಮಾನರೂ ಒಟ್ಟಿಗೆ ಕೂರುವ ಸಭೆಯಲ್ಲಿ ಯಾರೋ ಒಬ್ಬರು ತಮ್ಮ ದುಡ್ಡನ್ನು ತಲೆ ಮೇಲೆ ಹೊತ್ತು ಬರುವುದು ಬೇಡ ಎಂಬುದು ಆ ಮಾತಿನ ಹಿಂದಿನ ಕಾಳಜಿ ಎಂದು ನಾನು ಓದಿಕೊಳ್ಳುತ್ತೇನೆ. ಹಾಗೆ ನೋಡಿದರೆ ನಿಮ್ಮ ನೇರಳೆ ಬಣ್ಣಕ್ಕಿಂತ ಕಂತಿನ ಶೂ ಆ ವಚನಕ್ಕೆ ಹತ್ತಿರ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಜಗಳ ನಿಮ್ಮ ಸಭೆಯಲ್ಲಿ ಹುಟ್ಟಿದ್ದೇನೂ ಅಲ್ಲ. ಸುಮಾರು 200ನೇ ಇಸವಿಯ ಹೊತ್ತಿಗೆ ಉತ್ತರ ಆಫ್ರಿಕಾದ ಕಾರ್ಥೇಜ್‌ನ ಕ್ರೈಸ್ತ ಲೇಖಕ ತೆರ್ತುಲಿಯನ್ ಹೆಂಗಸರ ಅಲಂಕಾರದ ಬಗ್ಗೆ ಬರೆಯುತ್ತಾ, ಕೂದಲಿಗೆ ಕೇಸರಿ ಬಣ್ಣ ಹಚ್ಚುವವರನ್ನು ಬೈದಿದ್ದಾನೆ. ಜರ್ಮನಿಯಲ್ಲೋ ಗಾಲ್‌ನಲ್ಲೋ (ಇಂದಿನ ಫ್ರಾನ್ಸ್ ಕಡೆ) ಹುಟ್ಟಲಿಲ್ಲವಲ್ಲ ಎಂದು ಇವರಿಗೆ ನಾಚಿಕೆ ಎಂಬುದು ಅವನ ಆಕ್ಷೇಪ. ದೂರದ ದೇಶದವರ ಹಾಗೆ ಕಾಣಬೇಕೆಂಬ ಆಸೆ ಆಗಲೂ ಇತ್ತು, ಅದನ್ನು ಗದರಿಸುವ ಹಿರಿಯರೂ ಇದ್ದರು. ಆ ಆಂಟಿಯ ಹಿಂದೆ 1800 ವರ್ಷದ ಪರಂಪರೆ ಇದೆ, ಅಷ್ಟು ಗೌರವ ಅವರಿಗೆ ಕೊಡಿ!

ಆದರೆ ಇದೇ ಪರಂಪರೆಗೆ ಇನ್ನೊಂದು ಮುಖವಿದೆ. ಕ್ರೈಸ್ತ ಮದುವೆ ಎಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವ ಬಿಳಿ ಗೌನ್ ಯಾವ ವಚನದಿಂದಲೂ ಬಂದಿಲ್ಲ. ಯುರೋಪಿನ ವಧುಗಳು ಬಹಳ ಕಾಲ ತಮ್ಮಲ್ಲಿದ್ದ ಒಳ್ಳೆಯ ಬಟ್ಟೆಯನ್ನೇ ಹಾಕುತ್ತಿದ್ದರು, ಬಣ್ಣ ಯಾವುದಾದರೂ ನಡೆಯುತ್ತಿತ್ತು. 1840ರಲ್ಲಿ ರಾಣಿ ವಿಕ್ಟೋರಿಯಾ ಬಿಳಿ ಉಡುಪಿನಲ್ಲಿ ಮದುವೆಯಾದಳು. ಆ ಚಿತ್ರಗಳು ಹರಡಿದವು, ಫ್ಯಾಷನ್ ಪತ್ರಿಕೆಗಳು ಅದರ ಬೆನ್ನು ಹತ್ತಿದವು, ಬರಬರುತ್ತಾ ಅದೇ ಸಭೆಗಳ ಪದ್ಧತಿಯಾಯಿತು. ಒಬ್ಬ ಸೆಲೆಬ್ರಿಟಿಯ ಲುಕ್ ಅದು, ಅಷ್ಟೇ.

ನೀವು ಹಾಡುವ ಗಿಟಾರ್, ಡ್ರಮ್ಸ್ ಹಾಡುಗಳ ಕಥೆಯೂ ಹೀಗೇ. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಉದ್ದ ಕೂದಲಿನ, ಬರಿಗಾಲಿನ ಹಿಪ್ಪಿ ಹುಡುಗರು ಯೇಸುವನ್ನು ನಂಬಿ ಸಭೆಗಳಿಗೆ ಬಂದರು. ರಾಕ್ ಸಂಗೀತವನ್ನೂ ಜೊತೆಗೆ ತಂದರು. ಆಗಲೂ ಮೂಗು ಮುರಿದವರು ಇದ್ದರು. ಇವತ್ತು ಅದೇ ಶೈಲಿಯ ಹಾಡಿಗೆ ಹಿರಿಯರೂ ಕಣ್ಣು ಮುಚ್ಚಿ ಕೈ ಎತ್ತುತ್ತಾರೆ. ಹೊರಗಿನಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಬೇಡ ಅನ್ನುವುದಾದರೆ ಸೂಟು, ಟೈ, ಗೌನ್, ಗಿಟಾರ್ ಎಲ್ಲವನ್ನೂ ಹೊರಗಿಡಬೇಕಾಗುತ್ತದೆ. ಇಲ್ಲಿಗೆ ಮೊದಲ ಪ್ರಶ್ನೆಯಲ್ಲಿ ನೀವು ಗೆದ್ದಿರಿ ಅಂದುಕೊಳ್ಳಿ.

ಈಗ ಎರಡನೆಯದು. ‘ನಾನೂ ಬದಲಿಸದಿದ್ದರೆ ಹಿಂದೆ ಬಿದ್ದ ಹಾಗೆ ಆಗುತ್ತದೆ’ ಎಂದು ಬರೆದಿದ್ದೀರಿ. ಈ ವಾಕ್ಯವನ್ನು ನಾನು ಮತ್ತೆ ಮತ್ತೆ ಓದಿದೆ. ಆ ಲೋಕ ನಡೆಯುವ ರೀತಿ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಪ್ರತಿ ಕಮ್‌ಬ್ಯಾಕ್‌ಗೂ, ಅಂದರೆ ತಂಡ ಹೊಸ ಹಾಡುಗಳೊಂದಿಗೆ ಬಂದಾಗಲೆಲ್ಲ, ಒಂದು ಹೊಸ ಕಾನ್ಸೆಪ್ಟ್. ಅದಕ್ಕೆ ಹೊಸ ಕೂದಲು, ಹೊಸ ಬಟ್ಟೆ. ಇವನ್ನು ಬಹುಪಾಲು ತೀರ್ಮಾನಿಸುವವರು ಕಂಪನಿಯವರು, ಸ್ಟೈಲಿಸ್ಟ್‌ಗಳು. ಎಷ್ಟೋ ತಾರೆಯರು ದೊಡ್ಡ ಬ್ರ್ಯಾಂಡ್‌ಗಳ ರಾಯಭಾರಿಗಳೂ ಹೌದು. ಅಂದರೆ ನೀವು ಯಾರದ್ದೋ ಸ್ವಂತ ಇಷ್ಟವನ್ನು ನಕಲು ಮಾಡುತ್ತಿಲ್ಲ, ಅವರ ಕೆಲಸದ ಯೂನಿಫಾರ್ಮನ್ನು ದುಡ್ಡು ಕೊಟ್ಟು ಹಾಕಿಕೊಳ್ಳುತ್ತಿದ್ದೀರಿ. ಅವರಿಗಾದರೆ ಅದಕ್ಕೆ ಸಂಬಳ ಬರುತ್ತದೆ.

ರೋಮಾ 12:2ನ್ನು ನಾನು ಇಲ್ಲಿ ಇಟ್ಟು ಓದುತ್ತೇನೆ. ಲೋಕದ ಅಚ್ಚಿಗೆ ಬೀಳಬೇಡಿ, ಮನಸ್ಸು ಹೊಸದಾಗಲಿ ಎಂಬುದು ಅದರ ಸಾರ. ಅಚ್ಚು ಎಂದರೆ ಬಣ್ಣವೋ ಬಟ್ಟೆಯೋ ಅಲ್ಲ ಅಂತ ನೀವು ವಾದಿಸಬಹುದು, ಸರಿ. ಆದರೆ ಒಂದು ಆಲ್ಬಂ ಬಿಡುಗಡೆಯಾದ ಕೂಡಲೇ ಸಾಲ ಮಾಡಿಯಾದರೂ ಬದಲಾಗಲೇಬೇಕು ಅನಿಸುವುದು ಅಚ್ಚಲ್ಲದೆ ಇನ್ನೇನು? ಮತ್ತಾಯ 6ರಲ್ಲಿ ಯೇಸು ಏನು ಉಡಬೇಕು ಅಂತ ಚಿಂತೆ ಮಾಡಬೇಡಿ ಎಂದದ್ದು ಆಂಟಿಗೂ ಹೇಳಿದ್ದು, ನಿಮಗೂ ಹೇಳಿದ್ದು. ಅವರು ನಿಮ್ಮ ಬಟ್ಟೆಯ ಚಿಂತೆಯಲ್ಲಿದ್ದಾರೆ. ನೀವೂ ನಿಮ್ಮ ಬಟ್ಟೆಯ ಚಿಂತೆಯಲ್ಲೇ ಇದ್ದೀರಿ!

ಹಾಗಾಗಿ ಒಂದು ಕೆಲಸ ಮಾಡಿ. ಮುಂದಿನ ಕಮ್‌ಬ್ಯಾಕ್ ಬರಲಿ, ಹಾಡು ಕೇಳಿ, ಕುಣಿಯಿರಿ. ಲುಕ್ ಮಾತ್ರ ಬದಲಿಸಬೇಡಿ. ಶೂವಿನ ಕಂತು ಮುಗಿಯುವ ತನಕ ಹೊಸದೇನನ್ನೂ ತಗೋಬೇಡಿ. ಆಗ ಹೊಟ್ಟೆಯೊಳಗೆ ಏನಾಗುತ್ತದೆ ನೋಡಿಕೊಳ್ಳಿ. ಸುಮ್ನೆ ಸ್ವಲ್ಪ ಬೇಜಾರಾಗಿ ಮರೆತುಹೋದರೆ ಅದು ಹವ್ಯಾಸ, ಖುಷಿಯಾಗಿ ಇಟ್ಟುಕೊಳ್ಳಿ. ನಿದ್ದೆಗೆಡುವಷ್ಟು ಕಸಿವಿಸಿಯಾದರೆ ಅದರ ಬಗ್ಗೆ ಪ್ರಾರ್ಥನೆಯಲ್ಲಿ ಮಾತಾಡಬೇಕು, ನಂಬಿಕೆಯ ಗೆಳತಿಯೊಬ್ಬಳ ಹತ್ತಿರವೂ ಹೇಳಿಕೊಳ್ಳಬೇಕು. ಈಗ ಹಾಕಿರುವ ಬಣ್ಣವನ್ನು ಹೆದರಿ ತೆಗೆಸಬೇಡಿ. ಅದು ತಾನಾಗಿಯೇ ಮಾಸುತ್ತದೆ.

ಶಿಲುಬೆಯ ಸರದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. 1980ರ ದಶಕದಲ್ಲಿ ಪಾಪ್ ಗಾಯಕಿ ಮಡೋನಾ ಶಿಲುಬೆಗಳನ್ನು ಒಡವೆಯ ಹಾಗೆ ಹಾಕಿಕೊಂಡು ಅದನ್ನು ಜಗತ್ತಿನ ಫ್ಯಾಷನ್ ಮಾಡಿದಳು. 2018ರಲ್ಲಿ ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂ ಕ್ಯಾಥೋಲಿಕ್ ಕಲ್ಪನೆ ಮತ್ತು ಫ್ಯಾಷನ್ ಕುರಿತು ಪ್ರದರ್ಶನ ನಡೆಸಿತು. ಅದಕ್ಕೆ ವ್ಯಾಟಿಕನ್ನೇ ತನ್ನ ಪೂಜಾವಸ್ತ್ರಗಳನ್ನು ಎರವಲು ಕೊಟ್ಟಿತ್ತು. ಸಭೆಯಿಂದ ಹೊರಟ ಶಿಲುಬೆ ವೇದಿಕೆ, ಅಂಗಡಿ ಸುತ್ತಿ ಈಗ ನಿಮ್ಮ ಕೊರಳಿಗೆ ಬಂದಿದೆ. ತೆರ್ತುಲಿಯನ್‌ನ ಕಾಲದವನೇ ಆದ ಅಲೆಕ್ಸಾಂಡ್ರಿಯದ ಕ್ರೈಸ್ತ ಗುರು ಕ್ಲೆಮೆಂಟ್ ಮುದ್ರೆಯುಂಗುರವನ್ನು ತೆಗೆದು ಎಸೆಯಿರಿ ಎನ್ನಲಿಲ್ಲ. ಪಾರಿವಾಳ, ಮೀನು, ಹಡಗು, ಲಂಗರು ಇಂಥ ಗುರುತು ಇರಲಿ, ಕತ್ತಿಯೋ ಕುಡಿಯುವ ಬಟ್ಟಲೋ ಬೇಡ ಎಂದ. ಹಾಕುವುದನ್ನು ಗೊತ್ತಿದ್ದು ಹಾಕಿ ಎಂಬ ಆ ಸಲಹೆ ನನಗೆ ತೆರ್ತುಲಿಯನ್‌ನ ಗದರಿಕೆಗಿಂತ ಜಾಸ್ತಿ ಹಿಡಿಸುತ್ತದೆ. ಆ ಸರ ನಿಮಗೆ ಯೇಸುವಿನ ಗುರುತೋ, ನಿಮ್ಮಿಷ್ಟದ ತಂಡದ ಗುರುತೋ? ಎರಡೂ ಅಂದರೂ ಪರವಾಗಿಲ್ಲ, ಪ್ರಾಮಾಣಿಕವಾಗಿ ಗೊತ್ತಿರಲಿ.

ಇನ್ನು ಜನರ ವಿಷಯ. ಆಂಟಿ ಮಾಡಿದ ತಪ್ಪು ಅವರ ಅಭಿಪ್ರಾಯದಲ್ಲಿಲ್ಲ, ಅದನ್ನು ಹೇಳಿದ ಜಾಗದಲ್ಲಿದೆ. ಮತ್ತಾಯ 18:15 ಸಹೋದರನ ತಪ್ಪನ್ನು ಇಬ್ಬರೇ ಇರುವಾಗ ತಿಳಿಸು ಎನ್ನುತ್ತದೆ. ಅದನ್ನೇ ನೀವು ಪಾಲಿಸಿ. ಅವರೊಬ್ಬರನ್ನೇ ಕಂಡು, ‘ಆಂಟಿ, ಎಲ್ಲರ ಮುಂದೆ ಹೇಳಿದ್ದು ನನಗೂ ಅಮ್ಮನಿಗೂ ತುಂಬಾ ನೋವಾಯ್ತು’ ಎನ್ನಿ. ವಿಕ್ಟೋರಿಯಾ ರಾಣಿಯ ಕಥೆ ಅಲ್ಲಿ ತೆಗೆಯಬೇಡಿ, ದಯವಿಟ್ಟು. ‘ದುರ್ಬಲರಿಗೆ ಅಡ್ಡಿಯಾಗಬಾರದು’ ಎಂಬ 1 ಕೊರಿಂಥ 8ನ್ನು ಅವರು ಎತ್ತಬಹುದು. ಅಲ್ಲಿ ಆ ಪತ್ರಿಕೆ ಬರೆದ ಪೌಲ ಹೇಳುವುದು, ನಿಮ್ಮನ್ನು ನೋಡಿ ಇನ್ನೊಬ್ಬರು ತಮ್ಮ ಮನಸ್ಸಾಕ್ಷಿಗೆ ವಿರುದ್ಧ ನಡೆದು ಬೀಳುವುದರ ಬಗ್ಗೆ. ಆಂಟಿಗೆ ಬೇಸರವಾಗಿದೆ, ಅವರೇನೂ ನೇರಳೆ ಬಣ್ಣ ಹಾಕಿಸಲು ಹೊರಟಿಲ್ಲ. ಆದರೆ ಯೂತ್ ಗ್ರೂಪ್‌ನ ಚಿಕ್ಕ ಹುಡುಗಿಯೊಬ್ಬಳು ನಿಮ್ಮ ಶೂ ನೋಡಿ ಮನೆಯಲ್ಲಿ ಹಟ ಹಿಡಿದರೆ, ಅದು ಯೋಚಿಸಬೇಕಾದ ವಿಷಯವೇ.

ಅಮ್ಮನ ಕಣ್ಣೀರು ಕೂದಲಿಗಾಗಿ ಎಂದು ನೀವು ಊಹಿಸಿರಬಹುದು, ಕೇಳಿದ ಹಾಗಿಲ್ಲ. ಮಗಳನ್ನು ನಾಲ್ಕು ಜನರ ಮುಂದೆ ಅಂದಾಗ ತಾನು ಸುಮ್ಮನೆ ನಿಂತೆನಲ್ಲ ಎಂಬ ಸಂಕಟವೂ ಇರಬಹುದು. ಕೇಳಿ ನೋಡಿ.

ಪಾಸ್ಟರ್ ಹತ್ತಿರ ಎರಡು ವಾರ ಮುಗಿಯುವ ಮೊದಲೇ ಹೋಗಿ. ನೇರವಾಗಿ ಒಂದೇ ಪ್ರಶ್ನೆ ಕೇಳಿ: ಟೀಮ್‌ಗೆ ಉಡುಪಿನ ನಿಯಮ ಏನು, ಅದು ಗಂಡು ಹೆಣ್ಣು ಎಲ್ಲರಿಗೂ ಒಂದೇನಾ? ನಿಯಮ ಎಲ್ಲರಿಗೂ ಇದ್ದರೆ ಹಾಡುವ ಹೊತ್ತಿಗೆ ಅದನ್ನು ಪಾಲಿಸುವುದರಲ್ಲಿ ಸೋಲೇನೂ ಇಲ್ಲ. ಅಲ್ಲಿ ನಿಲ್ಲುವುದು ಹಾಡಿಸಲಿಕ್ಕೆ, ಸಭೆಯ ಕಣ್ಣು ನಿಮ್ಮ ಮೇಲೇ ನೆಟ್ಟರೆ ನಿಮ್ಮ ಕೆಲಸವೇ ಕಷ್ಟ. ನಿಯಮವೇ ಇಲ್ಲದೆ ನಿಮಗೊಬ್ಬರಿಗೇ ತಡೆ ಅಂದರೆ, ಯಾಕೋಬನ ಪತ್ರಿಕೆಯ 2ನೇ ಅಧ್ಯಾಯವನ್ನು ಒಟ್ಟಿಗೆ ಕೂತು ಓದೋಣ ಎಂದು ವಿನಯದಿಂದ ಕೇಳಿ. ಬಟ್ಟೆ ನೋಡಿ ಸಭೆಯಲ್ಲಿ ಜಾಗ ಕೊಡುವವರನ್ನು ಅದು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತದೆ.

ಅಷ್ಟಾದರೂ ಅವರು ಬೇಡ ಅಂದರೆ? ಕೆಲವು ದಿನ ಬೆಂಚಿನಲ್ಲಿ ಕೂತೇ ಹಾಡಿ. ಸಭೆ ಬಿಡುವ ತೀರ್ಮಾನವನ್ನು ಈ ಕೋಪದಲ್ಲಿ ಮಾತ್ರ ತಗೋಬೇಡಿ, ಕಂತು ಮುಗಿದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.